ಗೇರು ನಿಯಂತ್ರಕದ ತಂತಿಗಳಿಗೆ ವಿದ್ಯುತ್ ಅಡಚಣೆಯಿಂದ ರಕ್ಷಣೆ

ರಾಜಧಾನಿ ದೆಹಲಿ ಹಾಗೂ ಅದರ ಸುತ್ತಲಿನ ಗುರುಗ್ರಾಮ, ನೋಯಿಡಾ, ಘಾಜಿಯಾಬಾದ್, ಫರೀದಾಬಾದ್ ನಗರಗಳನ್ನು ಒಳಗೊಂಡ ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ ವಾಹನ ಚಾಲನೆಯೆಂದರೆ ಬಹುಮಟ್ಟಿಗೆ ನಿಲ್ಲುವುದು, ಹತ್ತು ಮಾರು ಸಾಗುವುದು, ಮತ್ತೆ ನಿಲ್ಲುವುದು. ಕಚೇರಿಯ ವೇಳೆಯಲ್ಲಿ ಆಶ್ರಮ ಚೌಕವನ್ನೋ ಧೌಲಾ ಕುವಾಂ ವೃತ್ತವನ್ನೋ ದಾಟುವ ಚಾಲಕನು ಎಷ್ಟು ಸಲ ಕ್ಲಚ್ ತುಳಿಯುತ್ತಾನೆಂಬುದನ್ನು ಎಣಿಸುವ ಗೋಜಿಗೆ ಹೋಗುವುದಿಲ್ಲ. ಈ ಶ್ರಮವನ್ನು ತಪ್ಪಿಸುವ ಸ್ವಯಂಚಾಲಿತ ಗೇರುಗಳು ಒಂದು ಕಾಲದಲ್ಲಿ ದುಬಾರಿ ಕಾರುಗಳಿಗೆ ಮಾತ್ರ ಮೀಸಲಾಗಿದ್ದವು. 2014ರ ಫೆಬ್ರವರಿಯಲ್ಲಿ ಗ್ರೇಟರ್ ನೋಯಿಡಾದಲ್ಲಿ ನಡೆದ ವಾಹನ ಪ್ರದರ್ಶನದಲ್ಲಿ ಮಾರುತಿ ಸುಜುಕಿಯ ಸೆಲೆರಿಯೊ ಕಾರು ಬಿಡುಗಡೆಯಾದ ಮೇಲೆ ಈ ಸೌಲಭ್ಯವು ಮಧ್ಯಮ ವರ್ಗದ ಕುಟುಂಬಗಳ ಕೈಗೆ ಎಟುಕುವಂತಾಯಿತು. ಹರಿಯಾಣದ ಮಾನೇಸರದಲ್ಲಿ ತಯಾರಾದ ಈ ಕಾರಿನ ಗೇರು ವ್ಯವಸ್ಥೆಗೆ ಇಟಲಿ ಮೂಲದ ಮ್ಯಾಗ್ನೆಟಿ ಮರೆಲ್ಲಿ ಸಂಸ್ಥೆಯ ತಂತ್ರವು ಆಧಾರವಾಗಿತ್ತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುಂಚಿನ ವರ್ಷಗಳಲ್ಲಿ ದೆಹಲಿಯ ಬೀದಿಗಿಳಿದ ತಗ್ಗು ನೆಲದ ಸಿ.ಎನ್.ಜಿ. ಬಸ್ಸುಗಳಲ್ಲಿಯೂ ಸ್ವಯಂಚಾಲಿತ ಗೇರುಪೆಟ್ಟಿಗೆಗಳೇ ಇದ್ದವು.

ಇಂತಹ ವಾಹನದಲ್ಲಿ ಗೇರನ್ನು ಬದಲಿಸುವ ನಿರ್ಧಾರ ಚಾಲಕನದಲ್ಲ; ಅದು ಪುಸ್ತಕದಷ್ಟು ದೊಡ್ಡದಾದ ಒಂದು ಪೆಟ್ಟಿಗೆಯೊಳಗಿನ ಗಣಕದ್ದು. ಇದನ್ನು ಗೇರು ನಿಯಂತ್ರಕ ಎನ್ನಬಹುದು. ನಿಯಂತ್ರಕಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ವಾಹನದ ವೇಗವೆಷ್ಟು, ಕ್ಲಚ್ ಎಲ್ಲಿದೆ, ಚಾಲಕನು ಯಾವ ಗೇರನ್ನು ಬಯಸಿದ್ದಾನೆ ಎಂಬ ಎಲ್ಲ ಸಂಗತಿಗಳೂ ತೆಳುವಾದ ತಂತಿಗಳ ಮೂಲಕವೇ ಅದಕ್ಕೆ ತಲುಪಬೇಕು. ಆ ತಂತಿಗಳಲ್ಲಿ ನಿಜವಾದ ಸಂಕೇತದೊಡನೆ ಸುಳ್ಳು ಸಂಕೇತವೂ ಬೆರೆತರೆ ಉಕ್ಕಿನ ಹಲ್ಲುಚಕ್ರಗಳು ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. ನಡುರಸ್ತೆಯಲ್ಲಿ ಗೇರು ತಟಸ್ಥ ಸ್ಥಿತಿಗೆ ಜಾರಬಹುದು, ಅಥವಾ ಒಂದೇ ಗೇರಿನಲ್ಲಿ ಬಿಗಿದುಕೊಂಡು ನಿಲ್ಲಬಹುದು. ಹಿಂದಿನಿಂದ ಟ್ರಕ್ಕುಗಳು ಬರುತ್ತಿರುವ ಹೆದ್ದಾರಿಯಲ್ಲಿ ಇದು ಸಣ್ಣ ವಿಷಯವಲ್ಲ.

ಅಡಚಣೆ ಎಂದರೇನು?

ಹಳೆಯ ರೇಡಿಯೊ ಇದ್ದ ಮನೆಯವರಿಗೆ ಇದರ ಪರಿಚಯ ಹೊಸದಲ್ಲ. ಪಕ್ಕದ ತೋಟದಲ್ಲಿ ಪಂಪ್‌ಸೆಟ್ ಚಾಲೂ ಮಾಡಿದೊಡನೆ ವಾರ್ತೆಯ ನಡುವೆ ಚಟಪಟ ಸದ್ದು ಕೇಳುತ್ತಿತ್ತು. ಬೀದಿಯಲ್ಲಿ ಸ್ಕೂಟರು ಹಾದುಹೋದರೆ ದೂರದರ್ಶನದ ಪರದೆಯ ಮೇಲೆ ಗೆರೆಗಳು ಮೂಡುತ್ತಿದ್ದವು. ಮೊಬೈಲ್ ದೂರವಾಣಿ ಬಂದ ಹೊಸತರಲ್ಲಿ ಕರೆ ಬರುವ ಮುನ್ನವೇ ಹತ್ತಿರದ ರೇಡಿಯೊ ಟಿಕ್ ಟಿಕ್ ಎನ್ನುತ್ತಿದ್ದುದನ್ನೂ ಹಲವರು ನೆನಪಿಟ್ಟಿರಬಹುದು. ಜಿ.ಎಸ್.ಎಂ. ಮೊಬೈಲು ಸೆಕೆಂಡಿಗೆ ಸುಮಾರು 217 ಸಲ ಕಂತುಕಂತಾಗಿ ತರಂಗಗಳನ್ನು ಹೊರಸೂಸುತ್ತಿದ್ದುದೇ ಆ ಸದ್ದಿಗೆ ಕಾರಣ. ಒಂದು ವಿದ್ಯುತ್ ಉಪಕರಣವು ತನಗೆ ಸಂಬಂಧವಿಲ್ಲದ ಇನ್ನೊಂದರ ಕೆಲಸದಲ್ಲಿ ಹೀಗೆ ತಲೆಹಾಕುವುದನ್ನು ವಿದ್ಯುತ್ಕಾಂತೀಯ ಅಡಚಣೆ ಎನ್ನುತ್ತಾರೆ. ರೇಡಿಯೊ ಕೇಳುಗರನ್ನು ಇಂತಹ ಗದ್ದಲದಿಂದ ಕಾಪಾಡುವ ಸಲುವಾಗಿ 1934ರಲ್ಲಿಯೇ ಒಂದು ಅಂತಾರಾಷ್ಟ್ರೀಯ ಸಮಿತಿ ಸ್ಥಾಪನೆಯಾಗಿತ್ತು. ಅಂದು ತೊಂದರೆ ಕಿವಿಗೆ ಮಾತ್ರ ಆಗುತ್ತಿತ್ತು. ಇಂದು ಅದೇ ಗದ್ದಲ ಗೇರಿಗೂ ಬ್ರೇಕಿಗೂ ತಲುಪಬಲ್ಲದು.

ದೆಹಲಿ ಮೆಟ್ರೊ ರೈಲಿನ 25,000 ವೋಲ್ಟ್ ತಂತಿಗಳು, ಎತ್ತರದ ಪ್ರಸಾರ ಗೋಪುರಗಳು ಇವೇ ಮುಖ್ಯ ಶತ್ರುಗಳೆಂದು ಜನಸಾಮಾನ್ಯರು ಭಾವಿಸುವುದುಂಟು. ಈ ಭಾವನೆ ಅಷ್ಟಾಗಿ ಸರಿಯಲ್ಲ. ಮೆಟ್ರೊ ತಂತಿಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳಷ್ಟು ನಿಧಾನಗತಿಯದು, ಮತ್ತು ಕಾರಿನ ಉಕ್ಕಿನ ಒಡಲೇ ಅದರ ವಿರುದ್ಧ ಒಂದು ಮರೆಯಾಗುತ್ತದೆ. ನಿಜವಾದ ಗದ್ದಲವು ಬಾನೆಟ್ಟಿನ ಕೆಳಗೇ ಹುಟ್ಟುತ್ತದೆ. ಪೆಟ್ರೋಲ್ ಎಂಜಿನ್ನಿನ ದಹನ ಸುರುಳಿಯು 12 ವೋಲ್ಟಿನಿಂದ ಇಪ್ಪತ್ತು ಮೂವತ್ತು ಸಾವಿರ ವೋಲ್ಟನ್ನು ಉಂಟುಮಾಡಿ ಕಿಡಿ ಹಾರಿಸುತ್ತದೆ. ಹಾರನ್ನು, ರೇಡಿಯೇಟರಿನ ಬೀಸಣಿಗೆ, ಹವಾನಿಯಂತ್ರಕದ ಕ್ಲಚ್ಚು ಇವುಗಳ ರಿಲೇ ಸುರುಳಿಗೆ ವಿದ್ಯುತ್ತು ತಟ್ಟನೆ ನಿಂತಾಗ ಸುರುಳಿಯು ಪ್ರತಿಭಟಿಸುತ್ತದೆ. ಆ ಕ್ಷಣಾರ್ಧದಲ್ಲಿ ನೂರು ವೋಲ್ಟಿಗೂ ಮಿಗಿಲಾದ ಹೊಡೆತ ತಂತಿಗಳಲ್ಲಿ ಓಡುತ್ತದೆ. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿಕೊಂಡರಂತೂ ಆಲ್ಟರ್ನೇಟರಿನ ವೋಲ್ಟೇಜು ಒಮ್ಮೆಗೇ ಏರುತ್ತದೆ. ತಡೆಯೇನೂ ಇಲ್ಲದ 12 ವೋಲ್ಟಿನ ವಾಹನದಲ್ಲಿ ಈ ಏರಿಕೆ 79ರಿಂದ 101 ವೋಲ್ಟಿನವರೆಗೆ ಹೋಗಬಹುದೆಂದೂ, ಸೆಕೆಂಡಿನ ನೂರರಲ್ಲಿ 4 ಭಾಗದಿಂದ 40 ಭಾಗದವರೆಗೆ ಇರಬಹುದೆಂದೂ ಅಂತಾರಾಷ್ಟ್ರೀಯ ಮಾನದಂಡವು ಪರಿಗಣಿಸಿದೆ. ಗೇರು ವ್ಯವಸ್ಥೆಯೂ ಈ ವಿಷಯದಲ್ಲಿ ನಿರಪರಾಧಿಯಲ್ಲ. ತೈಲದ ಒತ್ತಡವನ್ನು ತಿದ್ದುವ ಸೊಲೆನಾಯ್ಡ್ ಕವಾಟಗಳಿಗೆ ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಬಾರಿ ಕೊಟ್ಟು ನಿಲ್ಲಿಸಲಾಗುತ್ತದೆ. ಆ ತಂತಿಯ ಮಗ್ಗುಲಲ್ಲೇ ಸಂವೇದಕದ ತಂತಿ ಮಲಗಿದ್ದರೆ ಮನೆಯೊಳಗಿನವರೇ ಮನೆಯ ಗುಟ್ಟು ಕೆಡಿಸಿದಂತಾಗುತ್ತದೆ.

ಗದ್ದಲವು ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುವ ದಾರಿಗಳು ಮೂರು. ಹರಿಯುವ ವಿದ್ಯುತ್ತು ಸುತ್ತಲೂ ಕಾಂತಕ್ಷೇತ್ರವನ್ನು ನಿರ್ಮಿಸುತ್ತದೆ. ಅದು ಬದಲಾದಂತೆಲ್ಲ ಪಕ್ಕದ ತಂತಿಯ ಕುಣಿಕೆಯಲ್ಲಿ ವೋಲ್ಟೇಜು ಹುಟ್ಟುತ್ತದೆ. ವೋಲ್ಟೇಜಿನ ಏರಿಳಿತವು ವಿದ್ಯುತ್ ಕ್ಷೇತ್ರದ ಮೂಲಕವೂ ನಿರೋಧಕ ಹೊದಿಕೆಯನ್ನು ದಾಟಿ ನುಸುಳುತ್ತದೆ. ಮೂರನೆಯ ದಾರಿಯು ಎಲ್ಲಕ್ಕಿಂತ ಸಾಮಾನ್ಯ, ಮತ್ತು ಎಲ್ಲಕ್ಕಿಂತ ಹೆಚ್ಚು ಅಲಕ್ಷಿತ: ಎರಡು ಉಪಕರಣಗಳು ಒಂದೇ ಅರ್ತ್ ಬಿಂದುವನ್ನು ಹಂಚಿಕೊಳ್ಳುವುದು. ಉದಾಹರಣೆಗೆ, 20 ಆಂಪಿಯರ್ ಎಳೆಯುವ ಬೀಸಣಿಗೆ ಮತ್ತು ಗೇರು ನಿಯಂತ್ರಕ ಎರಡೂ ಒಂದೇ ತುಕ್ಕು ಹಿಡಿದ ಬೋಲ್ಟಿಗೆ ಸೇರಿವೆ ಎಂದಿಟ್ಟುಕೊಳ್ಳಿ. ಆ ಬೋಲ್ಟಿನ ನಿರೋಧ ಒಂದು ಓಮಿನ ಇಪ್ಪತ್ತರಲ್ಲಿ ಒಂದು ಭಾಗವಿದ್ದರೂ ಸಾಕು, ಬೀಸಣಿಗೆ ತಿರುಗಿದಾಗಲೆಲ್ಲ ನಿಯಂತ್ರಕದ ಪಾಲಿನ ಸೊನ್ನೆಯು ಒಂದು ವೋಲ್ಟಿನಷ್ಟು ಮೇಲೇರುತ್ತದೆ. ಅಳತೆಗೋಲೇ ಅಲುಗಿದರೆ ಅಳತೆ ಸರಿಯಿರುವುದೆಂತು?

ನಿಧಾನ ಚಲನೆಯ ಸಂಕಟ

ಗೇರುಪೆಟ್ಟಿಗೆಯ ವೇಗವನ್ನು ತಿಳಿಯಲು ಬಹುಕಾಲದಿಂದ ಬಳಕೆಯಲ್ಲಿರುವ ಸಂವೇದಕವೆಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಂತಿಯ ಸುರುಳಿ. ಅದರೆದುರು ಉಕ್ಕಿನ ಹಲ್ಲುಗಳು ಹಾದುಹೋದಂತೆ ಸುರುಳಿಯಲ್ಲಿ ಅಲೆಗಳು ಏಳುತ್ತವೆ, ನಿಯಂತ್ರಕವು ಅವನ್ನು ಎಣಿಸುತ್ತದೆ. ವಾಹನ ವೇಗವಾಗಿ ಓಡುವಾಗ ಈ ಅಲೆ ಹತ್ತಾರು ವೋಲ್ಟ್ ಎತ್ತರವಿರಬಹುದು. ತೆವಳುವ ವೇಗದಲ್ಲಿ ಮಾತ್ರ ಅದು ಒಂದು ವೋಲ್ಟಿನ ಕೆಲವು ದಶಾಂಶಗಳಿಗೆ ಇಳಿಯುತ್ತದೆ. ಅಂದರೆ, ಸಂಕೇತವು ಅತ್ಯಂತ ದುರ್ಬಲವಾಗಿರುವುದು ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡಿರುವಾಗ. ಬೀಸಣಿಗೆ, ಹಾರನ್ನು, ಹವಾನಿಯಂತ್ರಕಗಳು ಹೆಚ್ಚು ದುಡಿಯುವುದೂ ಆಗಲೇ. ದೆಹಲಿಯ ಜೂನ್ ತಿಂಗಳಿನಲ್ಲಿ ಹೊರಗಿನ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ದಾಟಿದ ಮಧ್ಯಾಹ್ನ, ಗುರುಗ್ರಾಮದ ಕಡೆಗೆ ಸಾಲುಗಟ್ಟಿ ನಿಂತ ಕಾರುಗಳಲ್ಲಿ ಕ್ಷೀಣವಾದ ಸಂಕೇತವೂ ಗರಿಷ್ಠವಾದ ಗದ್ದಲವೂ ಒಂದೇ ತಂತಿಕಟ್ಟಿನೊಳಗೆ ಕೂಡಿರುತ್ತವೆ.

ಇದೇ ಕಾರಣದಿಂದ ಈಚಿನ ಅನೇಕ ವಾಹನಗಳಲ್ಲಿ ಹಾಲ್ ತತ್ತ್ವದ ಸಂವೇದಕಗಳನ್ನು ಅಳವಡಿಸಲಾಗುತ್ತಿದೆ. ಇವು ವೇಗ ಎಷ್ಟೇ ಕಡಿಮೆಯಿದ್ದರೂ ಒಂದೇ ಎತ್ತರದ ಸ್ಪಷ್ಟ ಮಿಡಿತಗಳನ್ನು ನೀಡುತ್ತವೆ. ಆದರೆ ಅವುಗಳಿಗೆ ಶುದ್ಧವಾದ ವಿದ್ಯುತ್ ಪೂರೈಕೆಯೂ ಸ್ಥಿರವಾದ ಅರ್ತ್ ಸಂಪರ್ಕವೂ ಬೇಕು.

ಹೆಣೆದ ತಂತಿಯ ಉಪಾಯ

ರಕ್ಷಣೋಪಾಯಗಳಲ್ಲಿ ಅತ್ಯಂತ ಅಗ್ಗದ್ದೂ ಅತ್ಯಂತ ಸೊಗಸಾದದ್ದೂ ಎಂದರೆ ಸಂಕೇತ ಹೋಗುವ ತಂತಿ ಮತ್ತು ಹಿಂದಿರುಗುವ ತಂತಿ ಎರಡನ್ನೂ ಜಡೆಯಂತೆ ಪರಸ್ಪರ ಹೊಸೆಯುವುದು. ಎರಡು ತಂತಿಗಳು ದೂರದೂರವಿದ್ದರೆ ಅವುಗಳ ನಡುವೆ ಒಂದು ದೊಡ್ಡ ಕುಣಿಕೆ ಉಂಟಾಗಿ ಕಾಂತಕ್ಷೇತ್ರವನ್ನು ಬಲೆಯಂತೆ ಹಿಡಿಯುತ್ತದೆ. ಹೊಸೆದಾಗ ಆ ದೊಡ್ಡ ಕುಣಿಕೆಯು ಅನೇಕ ಪುಟ್ಟ ಕುಣಿಕೆಗಳಾಗಿ ಒಡೆಯುತ್ತದೆ. ಒಂದು ಪುಟ್ಟ ಕುಣಿಕೆಯಲ್ಲಿ ಹುಟ್ಟಿದ ವೋಲ್ಟೇಜು, ಅದರ ಮುಂದಿನದು ತಿರುಗುಮುರುಗಾಗಿರುವುದರಿಂದ, ಅಲ್ಲಿಯೇ ಅಳಿಸಿಹೋಗುತ್ತದೆ. ಇದಕ್ಕೆ ಹೆಚ್ಚಿನ ತಾಮ್ರ ಬೇಡ, ಬೇರೆ ಯಂತ್ರಭಾಗ ಬೇಡ. ಕೊನೆಯವರೆಗೂ ಹೊಸೆತ ಬಿಚ್ಚದಂತೆ ನೋಡಿಕೊಂಡರೆ ಸಾಕು. ಕನೆಕ್ಟರಿನ ಬಳಿ ಕೆಲವೇ ಸೆಂಟಿಮೀಟರ್ ಮಾತ್ರ ಬಿಚ್ಚಿರಬೇಕು.

ಗೇರು ನಿಯಂತ್ರಕವು ಎಂಜಿನ್ನಿನ ನಿಯಂತ್ರಕದೊಡನೆ ಮಾತನಾಡುವ ಸಂವಹನ ಜಾಲದಲ್ಲಿಯೂ ಇದೇ ಉಪಾಯವಿದೆ. ಕ್ಯಾನ್ ಎಂದು ಕರೆಯಲಾಗುವ ಈ ಜಾಲವನ್ನು 1986ರಲ್ಲಿ ಜರ್ಮನಿಯ ಬಾಷ್ ಸಂಸ್ಥೆ ಜಗತ್ತಿನ ಮುಂದಿಟ್ಟಿತು. ಮೈಕೊ ಎಂಬ ಹೆಸರಿನಿಂದ ಬೆಂಗಳೂರಿನ ತಲೆಮಾರುಗಳಿಗೆ ಪರಿಚಿತವಾಗಿದ್ದ ಕಾರ್ಖಾನೆ ಇದೇ ಸಮೂಹದ್ದು. ಕ್ಯಾನ್ ಜಾಲದ ಎರಡು ತಂತಿಗಳು ವಿಶ್ರಾಂತಿಯಲ್ಲಿರುವಾಗ ಎರಡೂ 2.5 ವೋಲ್ಟಿನಲ್ಲಿರುತ್ತವೆ. ಸಂದೇಶದ ಒಂದು ಬಿಟ್ ಸಾಗುವಾಗ ಒಂದು ತಂತಿ 3.5ಕ್ಕೆ ಏರಿ ಇನ್ನೊಂದು 1.5ಕ್ಕೆ ಇಳಿಯುತ್ತದೆ. ಸ್ವೀಕರಿಸುವ ಉಪಕರಣವು ಇವೆರಡರ ವ್ಯತ್ಯಾಸವನ್ನು ಮಾತ್ರ ಓದುತ್ತದೆ. ಹೊರಗಿನ ಗದ್ದಲವು ಎರಡೂ ತಂತಿಗಳನ್ನು ಸಮನಾಗಿ ಎತ್ತಿದರೆ ವ್ಯತ್ಯಾಸವು ಎಂದಿನಂತೆ 2 ವೋಲ್ಟೇ ಆಗಿರುತ್ತದೆ. ದೋಣಿಯೊಂದರಲ್ಲಿ ಕುಳಿತ ಇಬ್ಬರು ಅಲೆಯೊಡನೆ ಒಟ್ಟಿಗೆ ಏರಿಳಿದರೂ ಅವರಿಬ್ಬರ ಎತ್ತರದ ಅಂತರ ಬದಲಾಗದಿರುವಂತೆ.

ಸೆಕೆಂಡಿಗೆ 5 ಲಕ್ಷ ಬಿಟ್‌ಗಳ ವೇಗದಲ್ಲಿ ಒಂದೊಂದು ಬಿಟ್‌ಗೆ ದೊರೆಯುವ ಕಾಲ ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗ ಮಾತ್ರ. ಸಂದೇಶ ಕೆಟ್ಟರೆ ಅದನ್ನು ಗುರುತಿಸಿ ಮತ್ತೆ ಕಳುಹಿಸುವ ವ್ಯವಸ್ಥೆಯೂ ಇದೆ. ಇದರಲ್ಲಿ ಒಂದು ವಿಶೇಷ ಲೆಕ್ಕವುಂಟು: ಕಳುಹಿಸುವಾಗ ತಪ್ಪಾದರೆ ಸಾಮಾನ್ಯವಾಗಿ 8 ಅಂಕ ಕೂಡುತ್ತದೆ, ಸರಿಯಾಗಿ ಹೋದರೆ 1 ಅಂಕ ಕಳೆಯುತ್ತದೆ. ಮೊತ್ತವು 255ನ್ನು ಮೀರಿದರೆ ಆ ಉಪಕರಣವು ತಾನೇ ಜಾಲದಿಂದ ಹಿಂದೆ ಸರಿಯುತ್ತದೆ. ತಂತಿ ಸ್ವಲ್ಪವೇ ಕೆಟ್ಟಿರುವ ಕಾರು ತಿಂಗಳುಗಟ್ಟಲೆ ಸರಿಯಾಗಿ ಓಡಿ ಒಂದು ದಿನ ಇದ್ದಕ್ಕಿದ್ದಂತೆ ಗೇರು ಮರೆಯುವುದಕ್ಕೆ ಈ ಲೆಕ್ಕವೂ ಒಂದು ಕಾರಣ. ಅಲ್ಲಿಯವರೆಗೆ ಜಾಲವು ತನ್ನ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿಕೊಳ್ಳುತ್ತಿರುತ್ತದೆ.

ಉಳಿದ ಉಪಾಯಗಳು ಹೆಚ್ಚು ವಿವರಣೆ ಬೇಡುವುದಿಲ್ಲ. ದಹನ ಸುರುಳಿ ಮತ್ತು ಆಲ್ಟರ್ನೇಟರಿನ ತಂತಿಗಳಿಂದ ಸಂವೇದಕದ ತಂತಿಗಳನ್ನು ದೂರವಿಡಬೇಕು. ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸಬೇಕು. ರಿಲೇ ಸುರುಳಿಗೆ ಡಯೋಡನ್ನೋ ನಿರೋಧಕವನ್ನೋ ಜೋಡಿಸಿದರೆ ಹೊಡೆತ ಹುಟ್ಟಿದಲ್ಲಿಯೇ ಅಡಗುತ್ತದೆ. ಅತಿ ದುರ್ಬಲ ಸಂಕೇತದ ತಂತಿಗಳಿಗೆ ಲೋಹದ ಜಾಲರಿಯ ಹೊದಿಕೆ ಇರುತ್ತದೆ. ಈ ಹೊದಿಕೆಯ ಬಗ್ಗೆ ಒಂದು ಮಾತು ಅಗತ್ಯ. ಅದು ಸ್ವತಃ ರಕ್ಷೆಯಲ್ಲ. ಅರ್ತ್‌ಗೆ ಸೇರಿದಾಗ ಮಾತ್ರ ರಕ್ಷೆ. ವೇಗ ಸಂವೇದಕದಂತಹ ನಿಧಾನ ಸಂಕೇತಗಳಲ್ಲಿ ಹೊದಿಕೆಯನ್ನು ಸಾಮಾನ್ಯವಾಗಿ ನಿಯಂತ್ರಕದ ಕಡೆ ಮಾತ್ರ ಅರ್ತ್ ಮಾಡುತ್ತಾರೆ, ಎರಡೂ ಕಡೆ ಸೇರಿಸಿದರೆ ಹೊದಿಕೆಯೊಳಗೇ ಬೇಡದ ವಿದ್ಯುತ್ತು ಹರಿಯುವ ಸಂಭವವಿದೆ. ವಿದ್ಯುಚ್ಚಾಲಿತ ವಾಹನಗಳ ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜಿನ ಕೇಬಲುಗಳಲ್ಲಿ, ಗದ್ದಲದ ಆವರ್ತನ ಬಹು ಹೆಚ್ಚಾದ್ದರಿಂದ, ಎರಡೂ ತುದಿಗಳಲ್ಲಿ ಸುತ್ತಲೂ ಬಿಗಿಯಾಗಿ ಸೇರಿಸುವುದೇ ರೂಢಿ. ತಯಾರಕರು ಎಲ್ಲಿ ಹೇಗೆ ಸೇರಿಸಿದ್ದಾರೋ ಅದನ್ನು ಹಾಗೆಯೇ ಉಳಿಸುವುದು ಮೇಲು.

ಮಾನೇಸರದ ಮೌನಗೃಹ

ಈ ಎಲ್ಲ ಏರ್ಪಾಡುಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂಬುದನ್ನು ಕಾಗದದ ಮೇಲೆ ನಿರ್ಣಯಿಸಲಾಗದು. 2005ರಲ್ಲಿ ಕೇಂದ್ರ ಸರ್ಕಾರವು ಕೈಗೊಂಡ ರಾಷ್ಟ್ರೀಯ ವಾಹನ ಪರೀಕ್ಷಾ ಹಾಗೂ ಸಂಶೋಧನಾ ಮೂಲಸೌಕರ್ಯ ಯೋಜನೆಯ ಅಂಗವಾಗಿ ಬೆಳೆದ ಮಾನೇಸರದ ಐಕ್ಯಾಟ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ಪ್ರಯೋಗಾಲಯವಿದೆ. ಪುಣೆಯ ಎ.ಆರ್.ಎ.ಐ. ಸಂಸ್ಥೆಯಲ್ಲಿಯೂ ಇಂತಹ ಪರೀಕ್ಷೆ ನಡೆಯುತ್ತದೆ. ಹೊರಗಿನ ಒಂದು ರೇಡಿಯೊ ತರಂಗವೂ ಒಳಬಾರದಂತೆ ಲೋಹದಿಂದ ಮುಚ್ಚಿದ, ಒಳಗಿನ ತರಂಗವು ಪ್ರತಿಫಲಿಸದಂತೆ ಗೋಡೆಗೆ ಮೊನಚಾದ ಹೀರುಗಟ್ಟಿಗಳನ್ನು ಅಂಟಿಸಿದ ವಿಶಾಲ ಕೋಣೆಯಲ್ಲಿ ವಾಹನವನ್ನು ಉರುಳೆಗಳ ಮೇಲೆ ನಿಲ್ಲಿಸಲಾಗುತ್ತದೆ.

ಪರೀಕ್ಷೆಗೆ ಎರಡು ಮುಖಗಳುಂಟು. ವಾಹನವು ಹೊರಸೂಸುವ ಗದ್ದಲವನ್ನು ಆಂಟೆನಾದಿಂದ ಅಳೆಯುವುದು ಒಂದು. ವಾಹನದ ಸಹನಶಕ್ತಿಯನ್ನು ಪರೀಕ್ಷಿಸುವುದು ಇನ್ನೊಂದು. ಭಾರತದ ಎ.ಐ.ಎಸ್.-004 ಮಾನದಂಡದ 3ನೆಯ ಭಾಗವು ಈ ವಿಷಯಕ್ಕೆ ಸಂಬಂಧಿಸಿದ್ದು, ವಿಶ್ವಸಂಸ್ಥೆಯ 10ನೆಯ ವಾಹನ ನಿಯಮದ ಜಾಡಿನಲ್ಲಿದೆ. ಆ ನಿಯಮದಂತೆ 20ರಿಂದ 2,000 ಮೆಗಾಹರ್ಟ್ಸ್ ವರೆಗಿನ ಆವರ್ತನಗಳ ಬಹುಭಾಗದಲ್ಲಿ ಮೀಟರಿಗೆ 30 ವೋಲ್ಟ್ ಪ್ರಬಲತೆಯ ಕ್ಷೇತ್ರವನ್ನು, ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಉರುಳೆಗಳ ಮೇಲೆ ಓಡುತ್ತಿರುವ ವಾಹನವು ತಾಳಿಕೊಳ್ಳಬೇಕು. ಬಿಡಿ ಉಪಕರಣಗಳಿಗೆ ಬೇರೆ ವಿಧಾನಗಳಿವೆ. ತಂತಿಕಟ್ಟಿನ ಸುತ್ತ ಬಳೆಯಂತಹ ಸುರುಳಿಯನ್ನು ತೊಡಿಸಿ 60 ಮಿಲಿಆಂಪಿಯರ್ ವರೆಗಿನ ಗದ್ದಲವನ್ನು ಬೇಕೆಂದೇ ತುಂಬುವುದು ಅವುಗಳಲ್ಲಿ ಒಂದು.

ಅನುತ್ತೀರ್ಣತೆಯ ಪಟ್ಟಿಯಲ್ಲಿ ಗೇರಿಗೆ ಪ್ರತ್ಯೇಕ ಸ್ಥಾನವಿದೆ. ಸ್ವಯಂಚಾಲಿತ ಗೇರಿನ ವಾಹನದಲ್ಲಿ ಅಡಚಣೆಯಿಂದಾಗಿ ಗೇರು ಬದಲಾಗಿ ವೇಗವು ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸಗೊಂಡರೆ ವಾಹನವು ಸೋತಂತೆಯೇ ಸರಿ. ದೀಪ ಮಿನುಗುವುದು, ವೈಪರ್ ನಿಲ್ಲುವುದು ಮೊದಲಾದವುಗಳ ಸಾಲಿನಲ್ಲಿಯೇ ಗೇರನ್ನೂ ಇರಿಸಿರುವುದು, ಅದು ಸುಖಸಾಧನವಲ್ಲ, ಸುರಕ್ಷತೆಯ ಅಂಗ ಎಂಬ ನಿಲುವನ್ನು ಸೂಚಿಸುತ್ತದೆ.

ಆದರೆ ಈ ಪ್ರಮಾಣಪತ್ರವು ಕಾರ್ಖಾನೆಯಿಂದ ಹೊರಬಂದ ಸ್ಥಿತಿಯ ವಾಹನಕ್ಕೆ ಅನ್ವಯಿಸುತ್ತದೆಯೇ ಹೊರತು, ಆಮೇಲೆ ಮಾಲೀಕನು ಸೇರಿಸಿದ ಸಾಮಗ್ರಿಗಳಿಗಲ್ಲ.

ಮಾಲೀಕರ ಕೈಯಲ್ಲಿ

ಹೊಸ ಕಾರು ಕೊಂಡ ವಾರದಲ್ಲಿಯೇ ಪ್ರಖರ ದೀಪ, ಜೋರಾದ ಹಾರನ್ನು, ಸಂಗೀತದ ಆಂಪ್ಲಿಫೈಯರು, ಕ್ಯಾಮರಾ ಇವನ್ನು ಹಾಕಿಸುವ ಹವ್ಯಾಸ ರಾಜಧಾನಿಯಲ್ಲಿ ವ್ಯಾಪಕವಾಗಿದೆ. ಬಾಡಿಗೆ ವಾಹನಗಳಲ್ಲಿ ಸ್ಥಾನ ಸೂಚಕ ಯಂತ್ರವೂ ಸೇರುತ್ತದೆ. ಅದರೊಳಗೆ ಒಂದು ಮೊಬೈಲ್ ಪ್ರಸಾರಕವೇ ಇರುತ್ತದೆ. ಇವುಗಳಲ್ಲಿ ಯಾವುದೂ ತಾನಾಗಿ ಕೆಟ್ಟದ್ದಲ್ಲ. ಕೈಗೆ ಸಿಕ್ಕ ತಂತಿಯ ಹೊದಿಕೆಯನ್ನು ಸುಲಿದು, ಇನ್ನೊಂದು ತಂತಿಯನ್ನು ಸುತ್ತಿ, ಟೇಪು ಹಚ್ಚುವ ಪದ್ಧತಿಯಿಂದ ತೊಂದರೆ ಆರಂಭವಾಗುತ್ತದೆ. ಹೊಸೆತ ಬಿಚ್ಚುತ್ತದೆ, ಗದ್ದಲದ ತಂತಿ ಸಂಕೇತದ ತಂತಿಯ ಮಗ್ಗುಲಿಗೆ ಬರುತ್ತದೆ, ಹತ್ತಿರದ ಬೋಲ್ಟೇ ಅರ್ತ್ ಆಗುತ್ತದೆ. ಮೇಲೆ ಹೇಳಿದ ಮೂರು ದಾರಿಗಳೂ ಅರ್ಧ ಗಂಟೆಯ ಕೆಲಸದಲ್ಲಿ ತೆರೆದುಕೊಳ್ಳುತ್ತವೆ. ಹೆಚ್ಚಿನ ಉಪಕರಣಗಳಿಗೆ ಫ್ಯೂಸಿನೊಡನೆ ಬ್ಯಾಟರಿಯಿಂದಲೇ ಪ್ರತ್ಯೇಕ ತಂತಿಯನ್ನೂ ಪ್ರತ್ಯೇಕ ಅರ್ತ್ ಬಿಂದುವನ್ನೂ ಒದಗಿಸುವುದು ಸರಿಯಾದ ಕ್ರಮ.

ಸಿ.ಎನ್.ಜಿ. ಪರಿವರ್ತನೆಯ ವಿಷಯದಲ್ಲಿ ದೆಹಲಿಗೆ ಹೆಚ್ಚಿನ ಅನುಭವವಿದೆ. 1998ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶದ ತರುವಾಯ ನಗರದ ಬಸ್ಸುಗಳು ಈ ಇಂಧನಕ್ಕೆ ಬದಲಾದವು. ಖಾಸಗಿ ಕಾರುಗಳೂ ದೊಡ್ಡ ಸಂಖ್ಯೆಯಲ್ಲಿ ಹಿಂಬಾಲಿಸಿದವು. ಅನಿಲವನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚಿನ ವೋಲ್ಟೇಜಿನ ಕಿಡಿ ಬೇಕಾಗುತ್ತದೆ. ಸ್ಪಾರ್ಕ್ ಪ್ಲಗ್ಗುಗಳು ಸವೆದಿದ್ದರೆ ಕಿಡಿಯು ಹೊರದಾರಿ ಹುಡುಕಿ ಗದ್ದಲವನ್ನು ಇಮ್ಮಡಿಸುತ್ತದೆ. ಆದ್ದರಿಂದ ಪರಿವರ್ತಿತ ವಾಹನಗಳಲ್ಲಿ ಒಳನಿರೋಧವುಳ್ಳ ಪ್ಲಗ್ಗುಗಳನ್ನೇ ಬಳಸಿ ಕಾಲಕಾಲಕ್ಕೆ ಬದಲಿಸತಕ್ಕದ್ದು. ಅಗ್ಗವೆಂದು ನಿರೋಧವಿಲ್ಲದ ಪ್ಲಗ್ಗನ್ನು ಹಾಕಿಸುವುದು ಉಳಿತಾಯವೆನಿಸದು.

ಮಳೆಗಾಲದ ಮಾತು ಬೇರೆ. ಮಿಂಟೊ ಸೇತುವೆಯ ಕೆಳದಾರಿಯಂತಹ ತಗ್ಗುಗಳಲ್ಲಿ ನಿಂತ ನೀರನ್ನು ಹಾದುಬಂದ ವಾಹನದ ಕನೆಕ್ಟರುಗಳಲ್ಲಿ ತೇವ ಉಳಿದು ವಾರಗಳ ನಂತರ ಹಸಿರು ಕಿಲುಬು ಕಟ್ಟುತ್ತದೆ. ಅರ್ತ್ ಬೋಲ್ಟುಗಳಿಗೆ ತುಕ್ಕು ಹತ್ತುತ್ತದೆ. ಚಳಿಗಾಲದಲ್ಲಿ ಬೆಚ್ಚಗಿನ ಎಂಜಿನ್ನಿನ ಬಳಿ ಆಶ್ರಯ ಪಡೆಯುವ ಇಲಿಗಳು ತಂತಿಯ ಹೊದಿಕೆಯನ್ನು ಕಡಿಯುವುದೂ ಉಂಟು. ದುರಸ್ತಿಗಾರರು ಇದನ್ನು ನಗುತ್ತಾ ಹೇಳಿದರೂ ಬಿಲ್ಲು ನಗು ತರಿಸುವಂತಹದಲ್ಲ.

ಗೇರು ತಡವರಿಸಿದಾಗ ಗೇರುಪೆಟ್ಟಿಗೆಯನ್ನೇ ಬದಲಿಸಬೇಕೆಂಬ ಸಲಹೆ ಬಂದರೆ, ಅದಕ್ಕೆ ಒಪ್ಪುವ ಮುನ್ನ ತಂತಿಗಳ ತಪಾಸಣೆಯನ್ನು ಕೇಳಿ ಪಡೆಯುವುದು ಮಾಲೀಕರ ಹಕ್ಕು. ನಿಯಂತ್ರಕವು ದಾಖಲಿಸುವ ಸಂಕೇತಾಂಕಗಳನ್ನು ಮೊದಲು ಓದಿಸಬೇಕು. ಪಿ 0715 ಎಂಬುದು ಒಳದಂಡದ ವೇಗ ಸಂವೇದಕದ ಮಂಡಲದ ಕಡೆಗೂ, ಯು 0101 ಎಂಬುದು ಗೇರು ನಿಯಂತ್ರಕದೊಡನೆ ಸಂಪರ್ಕ ತಪ್ಪಿದ್ದರ ಕಡೆಗೂ ಬೊಟ್ಟು ಮಾಡುತ್ತವೆ; ಎರಡೂ ಹಲ್ಲುಚಕ್ರ ಮುರಿದ ಸೂಚನೆಗಳಲ್ಲ. ಬ್ಯಾಟರಿಯನ್ನು ಕಳಚಿ ಕ್ಯಾನ್ ಜಾಲದ ಎರಡು ತಂತಿಗಳ ನಡುವೆ ನಿರೋಧವನ್ನು ಅಳೆದರೆ ಸುಮಾರು 60 ಓಮ್ ಬರಬೇಕು, ಏಕೆಂದರೆ ಜಾಲದ ಎರಡು ತುದಿಗಳಲ್ಲಿಯೂ 120 ಓಮಿನ ಒಂದೊಂದು ನಿರೋಧಕವಿರುತ್ತದೆ. 120 ಬಂದರೆ ಒಂದು ತುದಿ ಕಡಿದಿದೆ ಎಂದೇ ಅರ್ಥ. ಬಳಿಕ ಎಂಜಿನ್ನನ್ನು ಓಡಿಸಿ, ಬೀಸಣಿಗೆ ಮತ್ತು ದೀಪಗಳನ್ನು ಹಾಕಿ, ನಿಯಂತ್ರಕದ ಅರ್ತ್ ತಂತಿ ಮತ್ತು ಬ್ಯಾಟರಿಯ ಋಣ ತುದಿಯ ನಡುವಿನ ವೋಲ್ಟೇಜನ್ನು ನೋಡಬೇಕು. ಅದು ಒಂದು ವೋಲ್ಟಿನ ಹತ್ತರಲ್ಲಿ ಒಂದು ಭಾಗವನ್ನು ಮೀರಿದರೆ ಬೋಲ್ಟನ್ನು ಬಿಚ್ಚಿ, ಲೋಹವು ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಬೇಕು. ಕೊನೆಯದಾಗಿ, ಹೊರಗಿನಿಂದ ಹಾಕಿಸಿದ ಉಪಕರಣಗಳ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಕೆಲವು ದಿನ ವಾಹನವನ್ನು ಓಡಿಸಿ ನೋಡಬೇಕು. ದೋಷವು ಯಾವ ಫ್ಯೂಸಿನೊಡನೆ ಮಾಯವಾಗುತ್ತದೆಯೋ ಆ ಉಪಕರಣದ ತಂತಿಯ ಜಾಡನ್ನು ಹಿಡಿದು ಹೋದರೆ, ಹೊಸೆತ ಬಿಚ್ಚಿದ ಅಥವಾ ಟೇಪು ಸುತ್ತಿದ ಜಾಗ ಅಲ್ಲಿಯೇ ಎಲ್ಲಾದರೂ ಸಿಗುವ ಸಂಭವ ಹೆಚ್ಚು.